ಕವಾಯತಿನಿಂದ ತಾಲೀಮಿಗೆ: ಘಟಪ್ರಭೆಯ ದಂಡೆಯಲ್ಲಿ ಆಪತ್ಸಿದ್ಧತೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ‘ತಾಲೀಮು’ ಎಂಬ ಮಾತಿಗೆ ಎರಡು ನೆಲೆಗಳಿವೆ. ಗರಡಿಮನೆಯ ಪೈಲ್ವಾನರ ಸಾಧನೆಗೂ ಈ ಹೆಸರಿದೆ, ರಂಗವೇರುವ ಮೊದಲು ಕಲಾವಿದರು ನಡೆಸುವ ಅಭ್ಯಾಸಕ್ಕೂ ಇದೇ ಹೆಸರು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕ ಬೆಳೆದುಬಂದ ನೆಲದಲ್ಲಿ ಈ ಎರಡನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿ, ನೆರೆ, ಅಪಘಾತ, ಸಾಂಕ್ರಾಮಿಕಗಳನ್ನು ಎದುರಿಸಲು ಆಸ್ಪತ್ರೆಯ ಸಿಬ್ಬಂದಿ ಮುಂಚಿತವಾಗಿ ನಡೆಸುವ, ಇಂದು ‘ಮಾಕ್ ಡ್ರಿಲ್’ ಅಥವಾ ‘ಅಣಕು ಕಾರ್ಯಾಚರಣೆ’ ಎಂದು ಕರೆಯಲಾಗುವ ಅಭ್ಯಾಸದಲ್ಲಿ ಈ ಎರಡೂ ಅರ್ಥಗಳು ಸೇರಿಕೊಂಡಿವೆ. ಕೈಕಾಲುಗಳು ಪಳಗುವುದು ಒಂದು, ತನ್ನ ಸರದಿ ಬಂದಾಗ ಆಡಬೇಕಾದ ಮಾತನ್ನು ತಪ್ಪದೆ ಆಡುವುದು ಇನ್ನೊಂದು. ಈ ಸೀಮೆಯ ಕೊಣ್ಣೂರಿನ ಪರಿಸರದ ಚರಿತ್ರೆಯನ್ನು ನೋಡಿದರೆ, ಮೊದಲನೆಯದು ಆಸ್ಪತ್ರೆಯ ಹೊರಗೆ ಹುಟ್ಟಿ ಒಳಗೆ ಬಂದದ್ದು, ಎರಡನೆಯದು ತೀರ ಈಚಿನದು ಎಂಬುದು ತಿಳಿಯುತ್ತದೆ.

ಕೊಣ್ಣೂರಿಗೆ ಸಮೀಪದ ಗೋಕಾಕ ಜಲಪಾತದಲ್ಲಿ ಘಟಪ್ರಭೆ ನದಿಯು ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ತಲೆಯೆತ್ತಿ, ಸುತ್ತಲಿನ ಹಳ್ಳಿಗಳ ಬೇಸಾಯದ ಮಂದಿ ಗಿರಣಿಯ ಪಾಳಿಗೆ ಹೊಂದಿಕೊಂಡರು. ಯಂತ್ರಕ್ಕೆ ಸಿಲುಕುವ ಕೈಬೆರಳು, ಹತ್ತಿಗೆ ತಗಲುವ ಕಿಡಿ ಮುಂತಾದ ಅಪಾಯಗಳು ಎಲ್ಲ ನೂಲಿನ ಗಿರಣಿಗಳಿಗೂ ಸಮಾನವಾಗಿದ್ದವು. 1948ರ ಕಾರ್ಖಾನೆಗಳ ಕಾಯಿದೆಯು ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದೂ, ಅದು ತರಬೇತಿ ಪಡೆದ ಒಬ್ಬ ಹೊಣೆಗಾರನ ವಶದಲ್ಲಿರಬೇಕೆಂದೂ, 500ಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂಬ್ಯುಲೆನ್ಸ್ ಕೋಣೆ, ಅಂದರೆ ಗಾಯಾಳುಗಳ ಆರೈಕೆಗೆ ಮೀಸಲಾದ ಕೋಣೆ ಇರಬೇಕೆಂದೂ ವಿಧಿಸಿತು. ಸಾಮಗ್ರಿಯ ಜೊತೆಗೆ ಅದನ್ನು ಬಳಸಬಲ್ಲ ವ್ಯಕ್ತಿಯನ್ನೂ ಹೆಸರಿಸಬೇಕು ಎಂಬ ತತ್ತ್ವವು ಹೀಗೆ ಕಾನೂನಿನ ಮಾತಾಯಿತು.

ಆದರೆ ತಂಡವಾಗಿ ಪಳಗುವ ಪದ್ಧತಿಗೆ ಈ ಸೀಮೆಯಲ್ಲಿ ಇನ್ನೂ ಹಳೆಯ ಒಂದು ಮೂಲವಿದೆ. ಧಾರವಾಡದಲ್ಲಿ ಹುಟ್ಟಿ, ವೈದ್ಯಕೀಯ ಕಲಿತು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರ ಓದಿ 1921ರಲ್ಲಿ ಮರಳಿದ ಡಾ. ನಾ. ಸು. ಹರ್ಡೀಕರರು, 1923ರ ನಾಗಪುರದ ಧ್ವಜ ಸತ್ಯಾಗ್ರಹದ ಸೆರೆವಾಸದ ತರುವಾಯ, ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳಕ್ಕೆ ಅಡಿಪಾಯ ಹಾಕಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ, ಈ ದಳದ ಸ್ವಯಂಸೇವಕರು ಮತ್ತು ಉಮಾಬಾಯಿ ಕುಂದಾಪುರ ಅವರು ಒಗ್ಗೂಡಿಸಿದ ಮಹಿಳೆಯರು ಶಿಬಿರದ ಕೆಲಸವನ್ನು ಹಂಚಿಕೊಂಡು ನಿಭಾಯಿಸಿದರು. ಕವಾಯತು, ನೈರ್ಮಲ್ಯ, ಜನಸಂದಣಿಯ ನಿಯಂತ್ರಣ, ಪ್ರಥಮ ಚಿಕಿತ್ಸೆಗಳನ್ನು ಒಂದೇ ಶಿಸ್ತಿನೊಳಗೆ ತಂದದ್ದರಲ್ಲಿ ವೈದ್ಯನೊಬ್ಬನ ದೃಷ್ಟಿ ಎದ್ದು ಕಾಣುತ್ತದೆ. ಕೊಣ್ಣೂರಿನ ನೆರೆಯ ಊರಾದ ಘಟಪ್ರಭಾದಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮ ಎಂಬ ಆಸ್ಪತ್ರೆಯೊಂದಿಗೆ ಹರ್ಡೀಕರರ ಹೆಸರು ಮುಂದೆ ಬೆಸೆದುಕೊಂಡು, 1975ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ನಂಟು ಉಳಿಯಿತು.

ಇನ್ನೊಂದು ಧಾರೆ ಯುರೋಪಿನ ಯುದ್ಧಭೂಮಿಯಿಂದ ಬಂದದ್ದು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆಯು ದರ್ಜೆಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆಯ ಸರದಿ ಗೊತ್ತುಮಾಡಿದ ಕ್ರಮವೇ ಇಂದಿನ ‘ಟ್ರಯಾಜ್’, ಎಂದರೆ ಗಾಯಾಳುಗಳ ವರ್ಗೀಕರಣಕ್ಕೆ ಮೂಲವೆನ್ನಲಾಗುತ್ತದೆ. ಪ್ರಷ್ಯದಲ್ಲಿ ರೈಸ್‌ವಿಟ್ಜ್ ತಂದೆಮಕ್ಕಳು 1812 ಮತ್ತು 1824ರಲ್ಲಿ ರೂಪಿಸಿದ ಸಮರದಾಟದಲ್ಲಿ ಸೇನಾಧಿಕಾರಿಗಳು ನಕ್ಷೆಯ ಮುಂದೆ ಕುಳಿತು ಕಲ್ಪಿತ ಯುದ್ಧವನ್ನು ನಡೆಸುತ್ತಿದ್ದರು. ಮೇಜಿನ ಸುತ್ತ ಕುಳಿತು ಮಾಡುವ ‘ಟೇಬಲ್‌ಟಾಪ್’ ಅಭ್ಯಾಸಗಳು ಅದರ ವಂಶಕ್ಕೆ ಸೇರಿದವು. ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯಿದೆಯೂ, ಸಾಮೂಹಿಕ ಗಾಯಾಳುಗಳ ನಿರ್ವಹಣೆಯನ್ನು ಕುರಿತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇಂಥ ಅಭ್ಯಾಸಗಳಿಗೆ ಆಡಳಿತದ ಚೌಕಟ್ಟನ್ನು ಒದಗಿಸಿದವು.

ಇಂಥ ಅಭ್ಯಾಸವನ್ನು ಸಣ್ಣ ಗುಂಪಿನಲ್ಲಿ ನಡೆಸುವಾಗ ಒಂದೇ ಪಾಳಿಯ ವೈದ್ಯರು, ನರ್ಸ್‌ಗಳು, ಔಷಧ ವಿತರಕರು, ವಾರ್ಡ್ ಸಹಾಯಕರು, ಆಂಬ್ಯುಲೆನ್ಸ್ ಚಾಲಕರು ಒಟ್ಟಿಗೆ ಕೂರುತ್ತಾರೆ. ನಡೆಸುವವರು ಒಂದು ಸನ್ನಿವೇಶವನ್ನು ಮುಂದಿಟ್ಟು, ನಡುನಡುವೆ ‘ವಿದ್ಯುತ್ ಹೋಯಿತು’, ‘ರಸ್ತೆ ಕಡಿದುಹೋಯಿತು’ ಎಂಬ ಹೊಸ ತೊಡಕುಗಳನ್ನು ಸೇರಿಸುತ್ತಾರೆ; ಯಾರು ಯಾರಿಗೆ ತಿಳಿಸಬೇಕು, ಯಾವ ರೋಗಿಯನ್ನು ಮೊದಲು ಸಾಗಿಸಬೇಕು, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಗುಂಪು ನಿರ್ಧರಿಸಬೇಕಾಗುತ್ತದೆ. ಆಸ್ಪತ್ರೆಯನ್ನೆಲ್ಲ ನಿಲ್ಲಿಸಿ ಮಾಡುವ ದೊಡ್ಡ ಪ್ರದರ್ಶನದಲ್ಲಿ ಕೆಲವರು ಆಡಿ ಹಲವರು ನೋಡುವುದುಂಟು. ಆರೇಳು ಜನರ ಗುಂಪಿನಲ್ಲಿ ಮೌನವಾಗಿರಲು ಯಾರಿಗೂ ಎಡೆಯಿರುವುದಿಲ್ಲ, ಮತ್ತು ಹಿರಿಯರಿಗೆ ಹೊಳೆಯದ ಕೊರತೆಯನ್ನು ವಾರ್ಡಿನ ಸಹಾಯಕನೇ ತೋರಿಸಿಕೊಡಬಹುದು. ಕೊನೆಯಲ್ಲಿ ನಡೆಯುವ ಮರುವಿಮರ್ಶೆಯೇ ಇದರ ಮುಖ್ಯ ಭಾಗ.

ಘಟಪ್ರಭೆಯ ದಂಡೆಗೆ ಸನ್ನಿವೇಶವನ್ನು ಕಲ್ಪಿಸಿಕೊಳ್ಳುವ ಅಗತ್ಯವೇ ಇಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮತ್ತು ಅದನ್ನು ಸೇರುವ ಮಾರ್ಕಂಡೇಯ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದವು. ಗೋಕಾಕದ ಬಳಿ ಘಟಪ್ರಭೆಯ ಮೇಲಿರುವ ಲೋಳಸೂರ ಸೇತುವೆ 2021 ಮತ್ತು 2024ರ ಜುಲೈನಲ್ಲೂ ಮುಳುಗಿತು. ಘಟಪ್ರಭೆಯ ಹಿಡಕಲ್ ಜಲಾಶಯದ ಹೊರಹರಿವು ಹೆಚ್ಚಿದ ದಿನ ಹೊಳೆಯ ಈಚೆ ಇರುವ ಗರ್ಭಿಣಿಯನ್ನು ಯಾವ ದಾರಿಯಿಂದ, ಯಾವ ಆಸ್ಪತ್ರೆಗೆ ಸಾಗಿಸಬೇಕು ಎಂಬ ಪ್ರಶ್ನೆಯು ಬೇರೆಡೆಯ ಪಠ್ಯದಿಂದ ತಂದ ಯಾವ ಸನ್ನಿವೇಶಕ್ಕಿಂತಲೂ ಇಲ್ಲಿಗೆ ಹೊಂದುತ್ತದೆ. 2022ರ ಡಿಸೆಂಬರ್ 27ರಂದು ಕೋವಿಡ್ ನಿಮಿತ್ತ ದೇಶದಾದ್ಯಂತ ನಡೆದ ಅಣಕು ಕಾರ್ಯಾಚರಣೆಯು ಹಾಸಿಗೆ, ಆಮ್ಲಜನಕ, ವೆಂಟಿಲೇಟರ್‌ಗಳ ಎಣಿಕೆಗೆ ಒತ್ತು ಕೊಟ್ಟಿತ್ತು. ಎಣಿಕೆ ಅಗತ್ಯವೇ ಹೌದು. ಆದರೆ ಕಾರ್ಖಾನೆಯ ಕಾಯಿದೆ ಪೆಟ್ಟಿಗೆಯ ಜೊತೆಗೆ ಹೊಣೆಗಾರನನ್ನು ಕೇಳಿದಂತೆ, ಸೇವಾದಳವು ಶಿಬಿರದ ಕೆಲಸವನ್ನು ಕೈಕೈಗೆ ಹಂಚಿದಂತೆ, ಸೇತುವೆ ಮುಳುಗಿದ ರಾತ್ರಿ ಫೋನು ಎತ್ತಬೇಕಾದವರು ಯಾರೆಂಬುದನ್ನು ಗೊತ್ತುಮಾಡುವುದು ತಾಲೀಮಿನಿಂದಲೇ ಆಗುವ ಕೆಲಸ.