ಬರ ಪರಿಹಾರದ ಪಟ್ಟಿಯಲ್ಲಿ ಕಾಣದ ಸಾಲು: ಬೆಳೆನಷ್ಟ ಪಾವತಿ ಮತ್ತು ಸಾರ್ವಜನಿಕ ಲೆಕ್ಕ

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಬಳಿಕ, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಈ ಎರಡು ಅಂಕಿಗಳ ಅಂತರ ರಾಜಕೀಯ ಚರ್ಚೆಯನ್ನೆಲ್ಲ ತುಂಬಿತು. ಆದರೆ ಒಬ್ಬ ರೈತನ ಖಾತೆಗೆ ಇಷ್ಟೇ ಹಣ ಏಕೆ ಬಂತು, ಬದುವಿನಾಚೆಯವನಿಗೆ ಏಕೆ ಬರಲೇ ಇಲ್ಲ ಎಂಬ ಪ್ರಶ್ನೆ ಹಿಂದೆ ಸರಿಯಿತು. ಹಣ ಪಡೆದವರ ಹೆಸರು ಪ್ರಕಟಿಸಿದ ಮಾತ್ರಕ್ಕೆ ಪರಿಹಾರ ಪಾವತಿ ಪಾರದರ್ಶಕವಾಗದು. ಮೊತ್ತದ ಲೆಕ್ಕ ಮತ್ತು ಪರಿಹಾರ ಕೈತಪ್ಪಿದ ಕಾರಣ ಎರಡೂ ಊರಿನ ಮುಂದೆ ಬರಬೇಕು ಎಂಬುದು ಈ ಲೇಖನದ ವಾದ.

ಲೆಕ್ಕದ ಸೂತ್ರ ಗುಟ್ಟಿನದಲ್ಲ. ಶೇ 33ಕ್ಕೆ ಕಡಿಮೆಯಿಲ್ಲದ ಬೆಳೆನಷ್ಟಕ್ಕೆ ಹೆಕ್ಟೇರಿಗೆ ಮಳೆಯಾಶ್ರಿತದಲ್ಲಿ 8,500, ನೀರಾವರಿಯಲ್ಲಿ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್. ಒಂದೂವರೆ ಎಕರೆ ರಾಗಿ ಒಣಗಿದರೆ 0.607 ಹೆಕ್ಟೇರಿಗೆ ಸುಮಾರು 5,160 ರೂಪಾಯಿ ಆಗುತ್ತದೆ. ರಾಜ್ಯ ಸರ್ಕಾರ ಮೊದಲೇ ಕೊಟ್ಟ 2,000 ಕಳೆದರೆ ಉಳಿಯುವುದು 3,160. ಬೆಳೆ ಸಮೀಕ್ಷೆಯಲ್ಲಿ ಇಪ್ಪತ್ತು ಗುಂಟೆ ಬೀಳು ಎಂದು ದಾಖಲಾಗಿದ್ದರೆ ಆ ಬಾಕಿ ಸುಮಾರು 1,440ಕ್ಕೆ ಇಳಿಯುತ್ತದೆ. ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶ ಜಮೆಯಾದ ಮೊತ್ತವನ್ನು ಹೇಳುತ್ತದೆ. ಯಾವ ಸರ್ವೆ ನಂಬರಿಗೆ, ಯಾವ ಬೆಳೆಗೆ, ಎಷ್ಟು ವಿಸ್ತೀರ್ಣಕ್ಕೆ ಎಂಬುದನ್ನು ಹೇಳುವುದಿಲ್ಲ. ತಪ್ಪು ಎಲ್ಲಿ ನುಸುಳಿತೆಂದು ತಿಳಿಯದವನು ಆಕ್ಷೇಪಣೆಯನ್ನಾದರೂ ಹೇಗೆ ಬರೆದಾನು?

ಹೆಸರೇ ಇಲ್ಲದವರ ಸ್ಥಿತಿ ಇನ್ನೂ ಕಷ್ಟದ್ದು. ಪಾವತಿಗೆ ಆಧಾರ ರಾಜ್ಯದ ರೈತರ ದತ್ತಾಂಶ ವ್ಯವಸ್ಥೆಯಾದ ‘ಫ್ರೂಟ್ಸ್’ನಲ್ಲಿನ ನೋಂದಣಿ. ಅದು ಪಹಣಿಗೆ ಅಂಟಿಕೊಂಡದ್ದು. ತೀರಿಕೊಂಡ ತಂದೆಯ ಹೆಸರಿನಲ್ಲೇ ಪಹಣಿ ಉಳಿದು ಪೌತಿ ಖಾತೆ ಆಗದ ಮಕ್ಕಳು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದವರು, ಬಾಯಿಮಾತಿನ ಗೇಣಿಯಲ್ಲಿ ಉಳುವವರು ಈ ಜರಡಿಯಲ್ಲಿ ಸೋಸಿಹೋಗುತ್ತಾರೆ. ಫಲಾನುಭವಿಗಳ ಪಟ್ಟಿ ಎಷ್ಟೇ ನಿಖರವಾಗಿದ್ದರೂ ಇವರ ಸುದ್ದಿ ಅದರಲ್ಲಿ ಇರುವುದಿಲ್ಲ. ಅನರ್ಹನಿಗೆ ಹೋದ ಹಣವನ್ನು ಪಟ್ಟಿ ನೋಡಿ ಹಿಡಿಯಬಹುದು. ಅರ್ಹನಿಗೆ ತಪ್ಪಿದ ಹಣವನ್ನು ಹಿಡಿಯಲು ಬೇರೊಂದು ಪಟ್ಟಿಯೇ ಬೇಕು.

ಇಂಥ ಪಟ್ಟಿಗಳ ಪ್ರಕಟಣೆಗೆ ಮೊದಲ ಆಕ್ಷೇಪ ಖಾಸಗಿತನದ್ದು. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4 ಸಹಾಯಧನ ಯೋಜನೆಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ಸೆಕ್ಷನ್ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿಗೆ ಸಿಗುವ ವಿನಾಯಿತಿಯನ್ನು ಹಿಗ್ಗಿಸಿದೆ. ಆದರೂ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ ಸೆಕ್ಷನ್ 8(2) ಉಳಿದಿದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಮರೆಯಲ್ಲಿರಲಿ, ಅದು ನ್ಯಾಯ. ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ ಮಾತ್ರ ಸಾರ್ವಜನಿಕ ಹಣದ ಲೆಕ್ಕ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದಾದ ರಾಜ್ಯದಲ್ಲಿ ಇವನ್ನು ಬಚ್ಚಿಡುವುದಕ್ಕೆ ಅರ್ಥವಿಲ್ಲ.

ಎರಡನೆಯ ಆಕ್ಷೇಪ, ತುರ್ತಿನಲ್ಲಿ ಇಷ್ಟೆಲ್ಲ ಪರಿಶೀಲನೆ ಹಣವನ್ನು ತಡಮಾಡುತ್ತದೆ ಎಂಬುದು. ಹಸಿದವನನ್ನು ಕಾಯಿಸಬಾರದೆಂಬ ಈ ಕಾಳಜಿ ನಿಜವಾದದ್ದು. ಆದರೆ ಇಲ್ಲಿ ಕೇಳುತ್ತಿರುವುದು ಪಾವತಿಗೆ ಮುನ್ನ ಮತ್ತೊಂದು ತಪಾಸಣೆಯನ್ನಲ್ಲ, ಪಾವತಿಯ ಬೆನ್ನಿಗೇ ಲೆಕ್ಕದ ಪ್ರಕಟಣೆಯನ್ನು. ಕಂಪ್ಯೂಟರ್ ಮೊತ್ತ ಕಟ್ಟಿದ್ದು ಆ ವಿವರಗಳಿಂದಲೇ. ಅವನ್ನು ಮುದ್ರಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಸಮೀಕ್ಷೆಯ ದಾಖಲೆ ನೋಡಿ ಆಕ್ಷೇಪಿಸಲು ‘ಬೆಳೆ ದರ್ಶಕ’ ಆ್ಯಪ್ ಅವಕಾಶ ಕೊಟ್ಟಿದೆ; ಅದೇ ತತ್ತ್ವವನ್ನು ಪರಿಹಾರದ ಮೊತ್ತಕ್ಕೂ ವಿಸ್ತರಿಸಿದರೆ ಸಾಕು.

ಆ್ಯಪ್ ಬಳಸಲಾಗದವರಿಗಾಗಿ ಪಂಚಾಯಿತಿಯ ಗೋಡೆ ಇದೆ, ಗ್ರಾಮಸಭೆ ಇದೆ. ಅಲ್ಲಿ ಎರಡು ಪಟ್ಟಿಗಳನ್ನು ಓದಬೇಕು: ಪಡೆದವರದು ಲೆಕ್ಕದೊಂದಿಗೆ, ನೋಂದಣಿಯಾಗಿಯೂ ಪಡೆಯದ ಸರ್ವೆ ನಂಬರುಗಳದು ಕಾರಣದೊಂದಿಗೆ. ಗೇಣಿದಾರ ಆ ಎರಡನೆಯ ಪಟ್ಟಿಯಲ್ಲೂ ಇರುವುದಿಲ್ಲ, ನಿಜ. ಆದರೆ ಹೊಲದ ಒಡೆಯನ ಹೆಸರಿನಲ್ಲಿ ಹಣ ಬಂದದ್ದು ಓದಿದಾಗ, ಆ ಹೊಲ ಉತ್ತವರು ಯಾರೆಂದು ಇಡೀ ಸಭೆಗೆ ಗೊತ್ತಿರುತ್ತದೆ. ಯಾವ ತಂತ್ರಾಂಶದಲ್ಲೂ ಇಲ್ಲದ ಆ ತಿಳಿವಳಿಕೆಯನ್ನು ದಾಖಲೆಗೆ ತರುವ ದಾರಿ ಅಲ್ಲಿಂದಲೇ ಶುರುವಾಗಬೇಕು.