ಮಾರ್ನೋಸೊ-ಅರೆನಾಚೆಯಾ: ಅಪೆನೈನ್ ಪರ್ವತದ ಮಗ್ಗುಲಲ್ಲಿ ತುಂಬಿದ ಆಳಸಮುದ್ರದ ಹೂಳು

ಮಾರ್ನೋಸೊ-ಅರೆನಾಚೆಯಾ ಎಂಬುದು ಇಟಲಿಯ ಉತ್ತರ ಅಪೆನೈನ್ ಪರ್ವತಶ್ರೇಣಿಯ ಒಂದು ಶಿಲಾಸಮೂಹ. ರೊಮಾನ್ಯಾ ಪ್ರಾಂತ್ಯದ ಕಣಿವೆಗಳಿಂದ ಆಗ್ನೇಯಕ್ಕೆ ಉಂಬ್ರಿಯಾದವರೆಗೆ ಇದು ಹಬ್ಬಿದೆ. ಮರಳುಗಲ್ಲಿನ ಪದರ, ಅದರ ಮೇಲೆ ಸುಣ್ಣ ಬೆರೆತ ಜೇಡಿಯ ಪದರ, ಮತ್ತೆ ಮರಳುಗಲ್ಲು, ಮತ್ತೆ ಜೇಡಿ, ಹೀಗೆ ಒಟ್ಟು ದಪ್ಪ 3,000 ಮೀಟರ್ ಮೀರುತ್ತದೆ. ಇಂದು ಬೆಟ್ಟವಾಗಿ ನಿಂತಿರುವ ಈ ಪದರಗಳು ಸುಮಾರು 1.6 ಕೋಟಿ ವರ್ಷಗಳ ಹಿಂದಿನಿಂದ ಸುಮಾರು 80 ಲಕ್ಷ ವರ್ಷಗಳ ಹಿಂದಿನವರೆಗೆ, ಮಯೊಸೀನ್ ಯುಗದಲ್ಲಿ, ಏಳುತ್ತಿದ್ದ ಪರ್ವತದ ಮುಂದಿದ್ದ ಆಳಸಮುದ್ರದ ತಳದಲ್ಲಿ ಸಂಚಯಿಸಿದವು. ಪರ್ವತದ ಪಕ್ಕದ ತಗ್ಗು ಹೇಗೆ ತುಂಬುತ್ತದೆ ಎಂಬ ಪ್ರಶ್ನೆಗೆ ಭೂವಿಜ್ಞಾನ ಕಂಡುಕೊಂಡ ಉತ್ತರಗಳಲ್ಲಿ ಹಲವು ಈ ಕಣಿವೆಗಳಲ್ಲಿ ಮತ್ತು ಇವುಗಳ ನೆರೆಯ ಆಲ್ಪ್ಸ್‌ನಲ್ಲಿ ಹುಟ್ಟಿದವು. ಅವುಗಳಲ್ಲಿ ಮುಖ್ಯವಾದದ್ದು ಇದು: ಹೂಳು ಪಕ್ಕದ ಬೆಟ್ಟದಿಂದಲೇ ಬರಬೇಕೆಂದಿಲ್ಲ, ದಿನವೂ ಬರಬೇಕೆಂದಿಲ್ಲ, ಅದು ಬೀಳುವ ತಗ್ಗು ಕೂಡ ಇದ್ದಲ್ಲೇ ಇರುವುದಿಲ್ಲ.

ಮೊದಲು ತಗ್ಗಿನ ವಿಚಾರ. ಎರಡು ಭೂಫಲಕಗಳು ಒತ್ತಿಕೊಂಡಾಗ ಒಂದರ ಶಿಲೆಗಳು ಇನ್ನೊಂದರ ಅಂಚಿನ ಮೇಲೆ ಹಾಸುಹಾಸಾಗಿ ಏರುತ್ತವೆ. ಆ ಭಾರಕ್ಕೆ ಕೆಳಗಿನ ಫಲಕ, ತುದಿಯಲ್ಲಿ ಹೊರೆ ಇಟ್ಟ ಹಲಗೆಯಂತೆ ಬಾಗುತ್ತದೆ. ಬಾಗಿದ ಜಾಗ ಪರ್ವತದ ಉದ್ದಕ್ಕೂ ಹರಿದ ಕಿರಿದಾದ, ಆಳವಾದ ಕಂದಕವಾಗುತ್ತದೆ. ಪರ್ವತದ ಕಡೆಗೆ ಅದರ ಆಳ ಹೆಚ್ಚು, ಎದುರು ದಡದ ಕಡೆಗೆ ಕಡಿಮೆ. ಇನ್ನೂ ಆಚೆಗೆ ಫಲಕ ತುಸು ಉಬ್ಬಿ ನಿಲ್ಲುತ್ತದೆ. ಈ ವ್ಯವಸ್ಥೆಗೆ ಫೋರ್‌ಲ್ಯಾಂಡ್ ದ್ರೋಣಿ ಎಂಬ ಹೆಸರು ಬಂದದ್ದು 1974ರಲ್ಲಿ, ಅಮೆರಿಕದ ವಿಲಿಯಂ ಡಿಕಿನ್ಸನ್ ಅವರಿಂದ. 1981ರಲ್ಲಿ ಕ್ರಿಸ್ಟೊಫರ್ ಬೋಮಾಂಟ್ ಮತ್ತು ಟೆರೆಸಾ ಜೋರ್ಡನ್ ಪ್ರತ್ಯೇಕವಾಗಿ, ಪರ್ವತದ ತೂಕದಿಂದ ಫಲಕ ಎಷ್ಟು ಬಾಗಬೇಕು ಎಂಬ ಲೆಕ್ಕವನ್ನು ಮುಂದಿಟ್ಟರು. ಅಪೆನೈನ್ ವಿಷಯದಲ್ಲಿ ಬಾಗಿದ್ದು ಏಡ್ರಿಯಾ ಎಂಬ ಚಿಕ್ಕ ಫಲಕ. ಇಂದಿನ ಏಡ್ರಿಯಾಟಿಕ್ ಸಮುದ್ರ ಅದರ ಮೇಲೆಯೇ ಇದೆ.

ಇಷ್ಟೆಲ್ಲ ತಿಳಿಯುವ ಮೊದಲೇ ಹೂಳಿನ ಒಗಟು ಎದ್ದು ನಿಂತಿತ್ತು. 1827ರಲ್ಲಿ ಬರ್ನ್ ನಗರದ ಬರ್ನ್‌ಹಾರ್ಡ್ ಸ್ಟೂಡರ್, ಸ್ವಿಟ್ಜರ್ಲೆಂಡಿನ ಸಿಮ್ಮೆಂಟಾಲ್ ಕಣಿವೆಯಲ್ಲಿ ಜನ ಬಳಸುತ್ತಿದ್ದ ಫ್ಲಿಷ್ ಎಂಬ ಹೆಸರನ್ನು ಇಂಥ ಮರಳು-ಜೇಡಿ ಪದರಗಳಿಗೆ ಕೊಟ್ಟರು. ಶತಮಾನದ ಕೊನೆಗೆ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂ, ಪರ್ವತ ಹುಟ್ಟುವ ಪ್ರತಿ ಸುತ್ತಿನಲ್ಲೂ ಮೊದಲು ಫ್ಲಿಷ್, ಆಮೇಲೆ ನದಿ ಹಾಗೂ ಕಡಿಮೆ ಆಳದ ಸಮುದ್ರ ತಂದ ಒರಟು ಹೂಳು ಬರುತ್ತದೆ ಎಂದು ಗುರುತಿಸಿದರು. ಕ್ರಮ ಸರಿಯಾಗಿತ್ತು, ಆದರೆ ಕಾರಣ ತಿಳಿದಿರಲಿಲ್ಲ. ಆ ಕಾಲದ ತಿಳಿವಳಿಕೆಯಂತೆ ಮರಳು ದಡದ ಬಳಿಯ ಕಡಿಮೆ ನೀರಿನ ಗುರುತು, ನುಣ್ಣನೆಯ ಜೇಡಿ ಆಳದ ಗುರುತು. ಹಾಗಿದ್ದರೆ ಮರಳು-ಜೇಡಿ ಸಾವಿರಾರು ಸಲ ಅದಲುಬದಲಾಗಲು ಸಮುದ್ರದ ತಳ ಸಾವಿರಾರು ಸಲ ಮೇಲೇರಿ ಕೆಳಗಿಳಿದಿರಬೇಕು. ಬೇರೆ ದಾರಿ ಕಾಣದ ಅನೇಕರು ಇದನ್ನು ನುಂಗಿಕೊಂಡೇ ಬರೆದರು. ಅದರಲ್ಲಿ ಅವರ ತಪ್ಪಿಲ್ಲ. ಆಳಸಮುದ್ರದ ತಳದಲ್ಲಿ ಮರಳು ಹರಿಯುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಸುಳಿವು ಸಿಕ್ಕಿದ್ದು ಸರೋವರದಲ್ಲಿ. 1880ರ ದಶಕದಲ್ಲಿ ಫ್ರಾಂಸ್ವಾ-ಆಲ್ಫೋನ್ಸ್ ಫೊರೆಲ್, ಜಿನೀವಾ ಸರೋವರಕ್ಕೆ ಸೇರುವ ರೋನ್ ನದಿಯ ತಣ್ಣನೆಯ ರಾಡಿ ನೀರು ತಿಳಿನೀರಿನಡಿ ಇಳಿದು ತಳದಲ್ಲಿ ಕೊರಕಲು ಮಾಡಿಕೊಂಡಿರುವುದನ್ನು ವಿವರಿಸಿದರು. 1936ರಲ್ಲಿ ಹಾರ್ವರ್ಡ್‌ನ ರೆಜಿನಾಲ್ಡ್ ಡೇಲಿ, ಸಾಗರದಡಿಯ ಕಂದರಗಳನ್ನು ಕೊರೆದದ್ದೂ ಇಂಥ ಭಾರದ ಪ್ರವಾಹಗಳೇ ಇರಬಹುದು ಎಂದರು. ಆ ಮಾತನ್ನು ಪರೀಕ್ಷೆಗೆ ಒಡ್ಡಿದವರು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಫಿಲಿಪ್ ಕ್ಯೂನೆನ್. ತೊಟ್ಟಿಯ ಇಳಿಜಾರಿನಲ್ಲಿ ರಾಡಿ ಸುರಿದಾಗ ಅದು ನೀರಿನಲ್ಲಿ ಕರಗಿಹೋಗದೆ ತಳ ಹಿಡಿದು ಓಡಿತು, ನಿಂತಾಗ ದಪ್ಪ ಕಣ ಕೆಳಗೆ, ನುಣುಪು ಕಣ ಮೇಲೆ ಕೂತಿತು. ಅತ್ತ ಫ್ಲಾರೆನ್ಸ್‌ನಲ್ಲಿ ಕಾರ್ಲೊ ಮಿಲ್ಯೊರಿನಿ, ಅಪೆನೈನ್‌ನ ಮಾಚಿನ್ಯೊ ಮರಳುಗಲ್ಲನ್ನು ವರ್ಷಗಟ್ಟಲೆ ನೋಡಿ ಅದೇ ತೀರ್ಮಾನಕ್ಕೆ ಬಂದಿದ್ದರು. ಇಬ್ಬರೂ ಸೇರಿ 1950ರಲ್ಲಿ ಪ್ರಕಟಿಸಿದ ಲೇಖನವೇ ಈ ವಿಷಯದ ತಿರುವು. ಇಳಿಜಾರಿನ ಅಂಚಿನಲ್ಲಿ ಶೇಖರವಾದ ಮರಳು ಜಾರಿ, ನೀರಿನೊಡನೆ ಬೆರೆತು, ಆಳಕ್ಕೆ ಧಾವಿಸುತ್ತದೆ. ಒಂದು ಪ್ರವಾಹ ಒಂದು ಪದರ ಬಿಟ್ಟುಹೋಗುತ್ತದೆ. ತಳ ಮೇಲೆ ಕೆಳಗೆ ಆಡಬೇಕಾಗಿಲ್ಲ. ಈ ಕದಡು ಪ್ರವಾಹ ಬಿಟ್ಟ ಪದರಕ್ಕೆ ಮುಂದೆ ಟರ್ಬಿಡೈಟ್ ಎಂಬ ಹೆಸರು ನಿಂತಿತು.

ಸಾಗರದಲ್ಲಿ ಇದು ನಿಜಕ್ಕೂ ನಡೆಯುತ್ತದೆಯೇ ಎಂಬುದಕ್ಕೆ ಸಾಕ್ಷ್ಯ ಆಗಲೇ ದಾಖಲಾಗಿತ್ತು, ಓದುವವರು ಬೇಕಿತ್ತು. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಅಂಚಿನಲ್ಲಿ ದೊಡ್ಡ ಭೂಕಂಪವಾಯಿತು. ಎದ್ದ ಸುನಾಮಿ ಬ್ಯೂರಿನ್ ಪರ್ಯಾಯದ್ವೀಪದಲ್ಲಿ 28 ಜನರನ್ನು ಬಲಿ ತೆಗೆದುಕೊಂಡಿತು. ಅಟ್ಲಾಂಟಿಕ್ ತಳದಲ್ಲಿ ಹಾಸಿದ್ದ 12 ತಂತಿ ಕೇಬಲ್‌ಗಳು ತುಂಡಾದವು. ಕೇಂದ್ರದ ಬಳಿಯವು ಕೂಡಲೇ, ದೂರದವು ಒಂದಾದ ಮೇಲೊಂದು, ಕೊನೆಯದು 13 ಗಂಟೆಗಳ ಮೇಲೆ. ತಂತಿ ಕಂಪನಿಗಳ ಬಳಿ ಪ್ರತಿಯೊಂದು ಕಡಿದ ಹೊತ್ತೂ ಬರೆದಿಟ್ಟಿತ್ತು. 1952ರಲ್ಲಿ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ಆ ಹೊತ್ತುಗಳನ್ನೂ ದೂರಗಳನ್ನೂ ಜೋಡಿಸಿ, ಇಳಿಜಾರಿನಲ್ಲಿ ಓಡಿ ಬಂದ ಒಂದೇ ಕದಡು ಪ್ರವಾಹ ಅವನ್ನು ಸಾಲಾಗಿ ಕಡಿಯಿತೆಂದು ತೋರಿಸಿದರು. ಮುಂದೆ ಸಮೀಕ್ಷೆ ಮಾಡಿದಾಗ ಆ ಒಂದು ಘಟನೆ ಆಳದ ತಳಕ್ಕೆ ಸುಮಾರು 175 ಘನ ಕಿಲೋಮೀಟರ್ ಹೂಳು ಒಯ್ದಿತ್ತೆಂದು ತಿಳಿಯಿತು.

ರೊಮಾನ್ಯಾದ ಸಾಂಟೆರ್ನೊ ನದಿ ಕಣಿವೆಯಲ್ಲಿ ರಸ್ತೆ ಬದಿಯ ಬಂಡೆಯಲ್ಲೇ ಇಂಥ ಪದರವನ್ನು ಹತ್ತಿರದಿಂದ ನೋಡಬಹುದು. ಮರಳುಗಲ್ಲಿನ ಅಡಿಭಾಗ ಚಾಕುವಿನಿಂದ ಕೊಯ್ದಂತೆ ಸ್ಪಷ್ಟ. ಅದರಡಿಯಲ್ಲಿ ನಾಲಗೆಯಾಕಾರದ ಉಬ್ಬುಗಳು ಸಾಲುಗಟ್ಟಿರುತ್ತವೆ; ಪ್ರವಾಹ ತಳದ ಜೇಡಿಯನ್ನು ಸುಳಿಸುಳಿಯಾಗಿ ಕೆರೆದ ಗುಳಿಗಳಲ್ಲಿ ಮರಳು ತುಂಬಿ ಆದ ಅಚ್ಚುಗಳಿವು. ಉಬ್ಬಿನ ಮೊಂಡು ತುದಿ ನೀರು ಬಂದ ದಿಕ್ಕಿಗೆ, ಚಪ್ಪಟೆಯಾಗಿ ಹರಡಿದ ತುದಿ ಹೋದ ದಿಕ್ಕಿಗೆ. ಮೇಲಕ್ಕೆ ಬಂದಂತೆ ಒರಟು ಮರಳು, ಅದರ ಮೇಲೆ ನೇರ ಗೆರೆಗಳು, ಅದರ ಮೇಲೆ ಪುಟ್ಟ ಅಲೆಗಳ ಓರೆ ಗೆರೆಗಳು, ಮತ್ತೆ ಸಣ್ಣ ನೇರ ಗೆರೆಗಳು, ಕೊನೆಗೆ ಜೇಡಿ. ಪ್ರವಾಹದ ರಭಸ ಇಳಿಯುತ್ತಾ ಬಂದ ಕ್ರಮ ಕಲ್ಲಿನಲ್ಲಿ ಹಾಗೇ ಉಳಿದಿದೆ. ಈ ಐದು ಭಾಗಗಳ ಕ್ರಮವನ್ನು 1962ರಲ್ಲಿ ನಿರೂಪಿಸಿದವರು ಡಚ್ ವಿಜ್ಞಾನಿ ಆರ್ನೋಲ್ಡ್ ಬೌಮಾ. ಅವರು ಅಧ್ಯಯನ ಮಾಡಿದ್ದು ಫ್ರಾನ್ಸಿನ ಮ್ಯಾರಿಟೈಮ್ ಆಲ್ಪ್ಸ್‌ನ ಆನ್ನೊ ಮರಳುಗಲ್ಲನ್ನು, ಅದೂ ಪರ್ವತದ ಮುಂದಿನ ತಗ್ಗಿನಲ್ಲಿ ತುಂಬಿದ ಹೂಳೇ. ಮರಳಿನ ಭಾಗ ಕೂರಲು ಗಂಟೆಗಳೋ ದಿನಗಳೋ ಸಾಕು. ಮುಂದಿನ ಪ್ರವಾಹ ಬರಲು ನೂರಾರು, ಸಾವಿರಾರು ವರ್ಷ ಕಾಯಬೇಕು. ಆ ಬಿಡುವಿನಲ್ಲಿ ಮೇಲಿನಿಂದ ಉದುರುವ ಜೇಡಿ ಮತ್ತು ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳು ನಿಧಾನವಾಗಿ ಕವಿಯುತ್ತವೆ. ಜೇಡಿಯಲ್ಲಿರುವ ಫೋರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಆಳಸಮುದ್ರದವು. ಮರಳೂ ಅದೇ ಆಳದಲ್ಲಿ ಕೂತಿತೆಂಬುದಕ್ಕೆ ಅವೇ ಸಾಕ್ಷಿ. ಇಡೀ ಶಿಲಾಸಮೂಹದ ಸರಾಸರಿ ತೆಗೆದರೆ ಸಾವಿರ ವರ್ಷಕ್ಕೆ ಒಂದು ಮೊಳಕ್ಕಿಂತ ತುಸು ಕಡಿಮೆ ಹೂಳು. ಆದರೆ ಆ ಸರಾಸರಿಯಂತೆ ಯಾವ ವರ್ಷವೂ ನಡೆದಿರಲಾರದು.

ಅಡಿಯ ಅಚ್ಚುಗಳ ದಿಕ್ಕನ್ನು ಕಣಿವೆಯಿಂದ ಕಣಿವೆಗೆ ಅಳೆದದ್ದರಿಂದ ಇನ್ನೊಂದು ದೊಡ್ಡ ವಿಷಯ ಹೊರಬಿತ್ತು. ಕ್ಯೂನೆನ್ ಅವರ ಗ್ರೋನಿಂಗೆನ್‌ನಲ್ಲೇ 1959ರಲ್ಲಿ ಅರ್ನ್ಸ್ಟ್ ಟೆನ್ ಹಾಫ್ ಉತ್ತರ ಅಪೆನೈನ್‌ನ ಈ ಪದರಗಳ ಬಗ್ಗೆ ಪ್ರಬಂಧ ಬರೆದರು. ನೈರುತ್ಯಕ್ಕೆ ಏಳುತ್ತಿದ್ದ ಅಪೆನೈನ್‌ನಿಂದ ಮರಳು ನೇರವಾಗಿ ಅಡ್ಡಕ್ಕೆ ಇಳಿದಿರಬೇಕೆಂದು ಯಾರಿಗಾದರೂ ತೋರುತ್ತದೆ. ಬಂಡೆಗಳು ಹೇಳುವುದು ಬೇರೆ: ಹೆಚ್ಚಿನ ಪ್ರವಾಹಗಳು ವಾಯವ್ಯದಿಂದ ಆಗ್ನೇಯಕ್ಕೆ, ಕಂದಕದ ಉದ್ದಕ್ಕೆ ಹರಿದಿವೆ. ಮರಳಿನ ಕಣಗಳೂ ಇದನ್ನೇ ಹೇಳುತ್ತವೆ. ಅವುಗಳಲ್ಲಿರುವ ಸ್ಫಟಿಕ, ಫೆಲ್ಡ್‌ಸ್ಪಾರ್, ಅಭ್ರಕಗಳು ಗ್ರಾನೈಟ್ ಮತ್ತು ರೂಪಾಂತರ ಶಿಲೆಗಳಿಂದ ಸವೆದು ಬಂದವು. ಆಗಿನ ಅಪೆನೈನ್ ಮುಂಚೂಣಿಯಲ್ಲಿದ್ದದ್ದು ಬಹುಪಾಲು ಜೇಡಿ ಮತ್ತು ಸುಣ್ಣಕಲ್ಲಿನ ಹಾಸುಗಳು. ಗ್ರಾನೈಟ್ ಇದ್ದದ್ದು ಆಲ್ಪ್ಸ್‌ನಲ್ಲಿ. ಅಂದರೆ ಅಪೆನೈನ್ ತನ್ನ ತೂಕದಿಂದ ತೋಡಿದ ತಗ್ಗನ್ನು ತುಂಬಿದ್ದು ಬಹುಮಟ್ಟಿಗೆ ಆಲ್ಪ್ಸ್‌ನ ಮರಳು. ಈ ಕ್ಷೇತ್ರದ ಎಲ್ಲ ಶೋಧಗಳಲ್ಲಿ ಇದು ಅತ್ಯಂತ ಫಲವತ್ತಾದದ್ದು ಎನ್ನಬೇಕು. ಕಂದಕದ ಎದುರು ತುದಿಯಿಂದ, ಆಗ್ನೇಯದಿಂದ ಬಂದ ಸುಣ್ಣದಂಶದ ಕೆಲವು ಪದರಗಳೂ ಇವೆ, ಆದರೆ ಅವು ಕಡಿಮೆ.

ಅಂಥ ಭಿನ್ನ ಪದರಗಳಲ್ಲಿ ಪ್ರಸಿದ್ಧವಾದದ್ದು ಕಾಂಟೆಸ್ಸಾ. ಬಣ್ಣದಲ್ಲೂ ಘಟಕಗಳಲ್ಲೂ ಸುತ್ತಲಿನ ಪದರಗಳಿಗಿಂತ ಬೇರೆ, ದಪ್ಪದಲ್ಲಿ ಹತ್ತು ಮೀಟರ್ ದಾಟುವ ಈ ಪದರ ಕಣಿವೆಯಿಂದ ಕಣಿವೆಗೆ ತಪ್ಪದೆ ಸಿಗುತ್ತದೆ. ಅದನ್ನು ಆಧಾರವಾಗಿಟ್ಟು ಅದರ ಮೇಲೂ ಕೆಳಗೂ ಇರುವ ಪದರಗಳನ್ನು ಒಂದೊಂದಾಗಿ ಎಣಿಸುತ್ತಾ ಹೋಗಬಹುದು. ಫ್ರಾಂಕೊ ರಿಚ್ಚಿ ಲುಕ್ಕಿ ಮತ್ತು ಇ. ವಾಲ್ಮೋರಿ 1980ರಲ್ಲಿ ಈ ದಾರಿ ಹಾಕಿದರು. 2006ರಲ್ಲಿ ಲಾರೆನ್ಸ್ ಏಮಿ ಮತ್ತು ಪೀಟರ್ ಟಾಲಿಂಗ್ 120 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಪ್ರದೇಶದಲ್ಲಿ ಒಂದೊಂದೇ ಪದರವನ್ನು ಹಿಂಬಾಲಿಸಿದರು. ಕೆಲವು ಪದರಗಳ ಒಳಗೇ, ದೂರಕ್ಕೆ ಹೋದಂತೆ, ಗಟ್ಟಿ ಕೆಸರಿನಂತೆ ಒಟ್ಟಾಗಿ ನಿಂತ ಭಾಗ ಕಾಣಿಸಿಕೊಳ್ಳುತ್ತದೆ. ಒಂದೇ ಘಟನೆಯಲ್ಲಿ ತೆಳು ಪ್ರವಾಹವೂ ಕೆಸರು ಹರಿವೂ ಸೇರಿರಬಹುದೆಂಬುದು ಹೀಗೆ ತಿಳಿಯಿತು. ಬೌಮಾ ಕ್ರಮವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು.

1972ರಲ್ಲಿ ಎಮಿಲಿಯಾನೊ ಮುಟ್ಟಿ ಮತ್ತು ರಿಚ್ಚಿ ಲುಕ್ಕಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದ ಉತ್ತರ ಅಪೆನೈನ್‌ನ ಟರ್ಬಿಡೈಟ್‌ಗಳ ಅಧ್ಯಯನ, ಪದರಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅವನ್ನು ಸಾಗರತಳದ ಬೀಸಣಿಗೆಯಾಕಾರದ ಹೂಳಿನ ಭಾಗಗಳಿಗೆ ಹೊಂದಿಸಿತು. ತೈಲ ಕಂಪನಿಗಳು ಆಳದ ಮರಳನ್ನು ಹುಡುಕಲು ಈ ಮಾದರಿಯನ್ನು ಲೋಕದೆಲ್ಲೆಡೆ ಬಳಸಿದವು. ಕಿರಿದಾದ ಕಂದಕದಲ್ಲಿ ಬೀಸಣಿಗೆ ಬಿಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ ಎಂಬುದು ನಂತರ ಸ್ಪಷ್ಟವಾಯಿತು. ಮುಟ್ಟಿ ಅವರೇ ತಮ್ಮ ಹಳೆಯ ಮಾದರಿಯನ್ನು ತಿದ್ದಿದರು. ಭಾರತ ಮೂಲದ ಜಿ. ಷಣ್ಮುಗಂ 1990ರ ದಶಕದಿಂದೀಚೆಗೆ ಇನ್ನೂ ಮುಂದೆ ಹೋಗಿ, ಟರ್ಬಿಡೈಟ್ ಎಂದು ಹೆಸರಾದ ಅನೇಕ ಪದರಗಳು ನಿಜಕ್ಕೂ ಕೆಸರು ಹರಿವುಗಳು ಎಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ, ಆದರೆ ಪದರವನ್ನು ಮೊದಲು ನೋಡಿ ಆಮೇಲೆ ಹೆಸರಿಡುವ ಶಿಸ್ತು ಬಿಗಿಯಾಯಿತು.

ತಗ್ಗು ತುಂಬುತ್ತಿರುವಾಗ ಪರ್ವತ ಸುಮ್ಮನಿರಲಿಲ್ಲ. ಒತ್ತಡದ ಸ್ತರಭಂಗಗಳು ಕಂದಕದ ತಳದಡಿಯಲ್ಲೇ ಬೆಳೆದು ಅಲ್ಲಲ್ಲಿ ದಿಬ್ಬಗಳೆದ್ದವು. ವೆರ್ಗೆರೆಟೊ ದಿಬ್ಬ ಅಂಥದ್ದು: ಅದರ ಮೇಲೆ ಮರಳು ವಿರಳ, ಜೇಡಿಯೇ ಹೆಚ್ಚು, ಇಕ್ಕೆಲಗಳಲ್ಲಿ ಮರಳು ದಪ್ಪ. ದಿಬ್ಬಕ್ಕೆ ಬಡಿದ ಪ್ರವಾಹ ಹಿಂದಕ್ಕೆ ಮಗುಚಿ, ತಗ್ಗಿನಲ್ಲಿ ಸಿಕ್ಕಿಬಿದ್ದು, ದಪ್ಪನೆಯ ಜೇಡಿ ಬಿಟ್ಟಿತು. ಹೀಗೆ ಪರ್ವತದ ಮುಂಚೂಣಿ ಈಶಾನ್ಯಕ್ಕೆ ನಡೆದಂತೆ ಕಂದಕವೂ ಅದರ ಮುಂದೆ ಮುಂದೆ ಸರಿಯಿತು. ಒಂದು ಕಾಲದ ಹೂಳು ಮುಂದಿನ ಕಾಲಕ್ಕೆ ಮಡಿಕೆಬಿದ್ದು ಬೆಟ್ಟವಾಯಿತು, ಅದರ ತೂಕಕ್ಕೆ ಹೊಸ ತಗ್ಗು ಬಾಗಿತು. ಶಿಲಾಸಮೂಹಗಳ ಸಾಲು ಇದನ್ನೇ ತೋರಿಸುತ್ತದೆ. ಮೊದಲು ಮಾಚಿನ್ಯೊ, ಆಮೇಲೆ ಚೆರ್ವರೋಲಾ, ಆಮೇಲೆ ಮಾರ್ನೋಸೊ-ಅರೆನಾಚೆಯಾ, ಮುಂದೆ ದಕ್ಷಿಣದಲ್ಲಿ ಲಾಗಾ: ನೈರುತ್ಯದಿಂದ ಈಶಾನ್ಯಕ್ಕೆ ಹೊರಟರೆ ಪ್ರತಿಯೊಂದೂ ಹಿಂದಿನದಕ್ಕಿಂತ ಹೊಸದು. 1996ರಲ್ಲಿ ಪೀಟರ್ ಡಿಸೆಲ್ಸ್ ಮತ್ತು ಕ್ಯಾಥರಿನ್ ಗೈಲ್ಸ್, ಇಂಥ ದ್ರೋಣಿಯನ್ನು ಒಂದೇ ತಗ್ಗೆಂದು ನೋಡದೆ, ಚಲಿಸುವ ಹಾಸಿನ ಮೇಲಿನ ಭಾಗ, ಮುಂದಿನ ಆಳ, ಆಚೆಯ ಉಬ್ಬು, ಅದರ ಹಿಂದಿನ ತಗ್ಗು ಎಂದು ನಾಲ್ಕು ಭಾಗಗಳ ವ್ಯವಸ್ಥೆಯಾಗಿ ನೋಡಬೇಕೆಂದು ಸೂಚಿಸಿದರು.

ಪರ್ವತವೊಂದರ ಹೂಳು ಅದರ ಉದ್ದಕ್ಕೆ ಹರಿದು ದೂರದ ಆಳಕ್ಕೆ ಸೇರುವುದಕ್ಕೆ ಇಂದಿನ ಅತಿ ದೊಡ್ಡ ನಿದರ್ಶನ ಬಂಗಾಳ ಕೊಲ್ಲಿಯಲ್ಲಿದೆ. ಗಂಗಾ-ಬ್ರಹ್ಮಪುತ್ರಗಳು ತಂದ ಹಿಮಾಲಯದ ಹೂಳು ಸಾಗರದಡಿಯ ಕಂದರದಿಂದ ಇಳಿದು ಸುಮಾರು 3,000 ಕಿ.ಮೀ. ದಕ್ಷಿಣಕ್ಕೆ ಚಾಚಿದೆ. 1975ರಲ್ಲಿ ಸ್ಟೀಫನ್ ಗ್ರಹಾಂ, ಡಿಕಿನ್ಸನ್ ಮತ್ತು ರೇಮಂಡ್ ಇಂಗರ್ಸಾಲ್ ಇದನ್ನೇ ಮಾದರಿಯಾಗಿಟ್ಟು ಅಮೆರಿಕದ ಅಪಲೇಚಿಯನ್-ವಾಷಿಟಾ ಪರ್ವತಗಳ ಹಳೆಯ ಫ್ಲಿಷ್ ಅನ್ನು ವಿವರಿಸಿದರು. ಅಂಡಮಾನ್ ದ್ವೀಪಗಳಲ್ಲಿ ಇಂಥ ಪದರಗಳು ನೀರಿನಿಂದ ಮೇಲೆದ್ದಿವೆ. ಪೋರ್ಟ್ ಬ್ಲೇರ್ ಬಳಿಯ ಕಡಲತೀರದಲ್ಲೇ ಅಂಡಮಾನ್ ಫ್ಲಿಷ್ ಕಾಣಸಿಗುತ್ತದೆ. ಕರ್ನಾಟಕದಲ್ಲಿ ರಾಣೆಬೆನ್ನೂರು ಸುತ್ತಿನ ಗ್ರೇವ್ಯಾಕ್ ಎಂಬ ಜೇಡಿ ಬೆರೆತ ಮರಳುಗಲ್ಲುಗಳಲ್ಲೂ ಕೆಳಗೆ ಒರಟು, ಮೇಲೆ ನುಣುಪು ಎಂಬ ಅದೇ ಶ್ರೇಣಿ ಇದೆ. ಸುಮಾರು 260 ಕೋಟಿ ವರ್ಷ ಹಳೆಯ ಅವೂ ಕದಡು ಪ್ರವಾಹಗಳ ಹೂಳೆಂದೇ ಭಾವಿಸಲಾಗಿದೆ.

ಅಪೆನೈನ್‌ನ ಜನ ಈ ಕಲ್ಲನ್ನು ಭೂವಿಜ್ಞಾನಿಗಳಿಗಿಂತ ಬಹಳ ಮೊದಲೇ ಬಲ್ಲರು. ಫ್ಲಾರೆನ್ಸ್‌ನ ಪುನರುಜ್ಜೀವನ ಕಾಲದ ಕಟ್ಟಡಗಳ ಬೂದುಬಣ್ಣದ ಕಂಬಗಳು ಮಾಚಿನ್ಯೊ ಮರಳುಗಲ್ಲಿನವು, ಫಿಯೆಸೊಲೆ ಸುತ್ತಲಿನ ಗಣಿಗಳಿಂದ ಬಂದವು. ಪಿಯೆತ್ರ ಸೆರೆನಾ ಎಂಬ ಹೆಸರಿನ ಅದೇ ಬಗೆಯ ಕಲ್ಲನ್ನು ಇಂದು ಫಿರೆಂಜುವೊಲಾದ ಗಣಿಗಳಲ್ಲಿ ಮಾರ್ನೋಸೊ-ಅರೆನಾಚೆಯಾದಿಂದ ತೆಗೆಯುತ್ತಾರೆ. ಶಿಲಾಸಮೂಹದ ಮೇಲ್ಭಾಗದಲ್ಲಿ ಮರಳು ನಿಂತು ಜೇಡಿ ಬರುತ್ತದೆ, ಅದರ ಮೇಲೆ ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಉಪ್ಪುಗಟ್ಟಿದ ಕಾಲದ ಜಿಪ್ಸಂ. ಆ ಜಿಪ್ಸಂನ ಗುಹೆಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಂದಕ ಅಲ್ಲಿಗೇ ಮುಗಿಯಲಿಲ್ಲ. ಅದು ಈಶಾನ್ಯಕ್ಕೆ ಸರಿದು ಇಂದಿನ ಪೊ ಬಯಲಾಯಿತು. ಅಲ್ಲಿ ಕಳೆದ 50 ಲಕ್ಷ ವರ್ಷಗಳ ಹೂಳಿನ ದಪ್ಪ ಕೆಲವೆಡೆ ಏಳು ಕಿಲೋಮೀಟರ್ ಮುಟ್ಟುತ್ತದೆ. 1944ರಲ್ಲಿ ಕಾವಿಯಾಗಾದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದ್ದು ಈ ಬಯಲಿನ ಅಡಿಯಲ್ಲೇ. ಸಮತಟ್ಟಾದ ಆ ಹೊಲಗಳ ಕೆಳಗೆ ಅಪೆನೈನ್‌ನ ಮುಂದಿನ ಮಡಿಕೆಗಳು ಹೂಳಿನಲ್ಲಿ ಮುಚ್ಚಿಕೊಂಡು ಈಗಲೂ ಈಶಾನ್ಯಕ್ಕೆ ಒತ್ತುತ್ತಿವೆ. 2012ರ ಮೇ 20 ಮತ್ತು 29ರಂದು ಎಮಿಲಿಯಾ ಪ್ರದೇಶವನ್ನು ನಡುಗಿಸಿದ ಭೂಕಂಪಗಳು ಹುಟ್ಟಿದ್ದು ಅವುಗಳ ಸ್ತರಭಂಗಗಳಲ್ಲಿ.