ಸೂಪರ್‌ಸ್ಟಿಷನ್ ಪರ್ವತದ ಹೊನ್ನು: ಗಣಿಯೋ, ನಿಕ್ಷೇಪವೋ?

ವಿಜಯನಗರ ಕಾಲದ ದಾನಶಾಸನಗಳಲ್ಲಿ ಗ್ರಾಮವೊಂದನ್ನು ಧಾರೆಯೆರೆದು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಬಿಡಿಬಿಡಿಯಾಗಿ ಹೆಸರಿಸುವ ರೂಢಿಯುಂಟು. ಮನುಷ್ಯನು ಹೂತಿಟ್ಟದ್ದು ಬೇರೆ, ಭೂಮಿ ತಾನಾಗಿ ಹೆತ್ತದ್ದು ಬೇರೆ ಎಂಬ ವಿವೇಕ ನಮ್ಮ ಶಾಸನಕಾರರಿಗಿತ್ತು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ, ಫೀನಿಕ್ಸ್ ನಗರದ ಪೂರ್ವಕ್ಕೆ ಕಡಿದಾಗಿ ಎದ್ದು ನಿಂತಿರುವ ಸೂಪರ್‌ಸ್ಟಿಷನ್ ಪರ್ವತದ ‘ಕಳೆದುಹೋದ ಡಚ್‌ಮನ್ ಗಣಿ’ಯ ಐತಿಹ್ಯವು ಶತಮಾನಕ್ಕೂ ಮಿಕ್ಕಿ ಬಾಳಿಬಂದಿರುವುದು ಈ ಭೇದವನ್ನು ಮರೆಸಿದ್ದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಡಚ್‌ಮನ್ ಎನಿಸಿಕೊಂಡ ಜೇಕಬ್ ವಾಲ್ಟ್ಸ್ ಹಾಲೆಂಡಿನವನಲ್ಲ, ಜರ್ಮನಿಯವನು. ‘ಡಾಯ್ಚ್’ ಎಂಬ ಮಾತು ಅಮೆರಿಕದ ಜನರ ಬಾಯಲ್ಲಿ ‘ಡಚ್’ ಆದುದರ ಫಲವಿದು. 1861ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಪೌರತ್ವ ಪಡೆದು, ಬಳಿಕ ಅರಿಜೋನಾದ ಬ್ರಾಡ್‌ಷಾ ಬೆಟ್ಟಗಳಲ್ಲಿ ಹೊನ್ನನ್ನು ಅರಸಿ, ಕಡೆಗೆ ಸಾಲ್ಟ್ ನದಿಯ ದಂಡೆಯಲ್ಲಿ ಹೊಲ ಮಾಡಿಕೊಂಡಿದ್ದ ಈ ಒಂಟಿ ಮನುಷ್ಯನ ಬದುಕನ್ನು 1891ರ ಫೆಬ್ರವರಿಯ ಮಹಾಪ್ರವಾಹವು ಕೊಚ್ಚಿಕೊಂಡುಹೋಯಿತು. ನೆರೆಯಲ್ಲಿ ನೆನೆದು ಕಾಯಿಲೆಬಿದ್ದ ವೃದ್ಧನನ್ನು ಬೇಕರಿ ನಡೆಸುತ್ತಿದ್ದ ಜೂಲಿಯಾ ಥಾಮಸ್ ಎಂಬಾಕೆ ತನ್ನ ಮನೆಯಲ್ಲಿಟ್ಟುಕೊಂಡು ಉಪಚರಿಸಿದಳು. ಅದೇ ವರ್ಷ ಅಕ್ಟೋಬರ್ 25ರಂದು ಅವನು ತೀರಿಕೊಂಡನು. ಮಂಚದ ಕೆಳಗೆ ಮೇಣದಬತ್ತಿಯ ಪೆಟ್ಟಿಗೆಯ ತುಂಬ ಹೊನ್ನಿನ ಅದಿರು ಇತ್ತೆಂದೂ, ಸಾಯುವ ಮುನ್ನ ಗಣಿಯ ದಾರಿಯನ್ನು ಹೇಳಿದನೆಂದೂ ಪ್ರತೀತಿ. ಮರುವರ್ಷದ ಬೇಸಗೆಯಲ್ಲಿ ಆಕೆ ಪೆಟ್ರಾಶ್ ಸೋದರರೊಡನೆ ಪರ್ವತವನ್ನು ಹೊಕ್ಕು, ಬಿಸಿಲಲ್ಲಿ ಬೆಂದು ಬರಿಗೈಯಲ್ಲಿ ಮರಳಿದಳು. ನೆರೆ ನುಂಗಿದ ಒಂದು ಹೊಲ, ಒಬ್ಬ ರೋಗಿ, ಒಬ್ಬ ಬೇಕರಿಯಾಕೆ: ಐತಿಹ್ಯದ ಬುಡದಲ್ಲಿ ನಮಗೆ ದೊರೆಯುವುದು ಇಷ್ಟೇ.

ಇನ್ನುಳಿದುದೆಲ್ಲ ಮೇಲೆ ಸೇರಿದ್ದು. 1895ರಲ್ಲಿ ಬಿಕ್ನೆಲ್ ಎಂಬ ಲೇಖಕನು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಈ ಕಥೆಯನ್ನು ಪ್ರಕಟಿಸಿದ ತರುವಾಯ, ವೀವರ್ಸ್ ನೀಡಲ್ ಎಂಬ ಸೂಜಿಯಂತಹ ಶಿಲಾಶಿಖರವು ಶೋಧಕರ ದಿಕ್ಸೂಚಿಯಾಯಿತು. ಮೆಕ್ಸಿಕೋದ ಪೆರಾಲ್ಟಾ ಮನೆತನದವರು ಅಲ್ಲಿ ಹೊನ್ನು ತೆಗೆಯುತ್ತಿದ್ದರೆಂದೂ, 1848ರಲ್ಲಿ ಅಪಾಚೆ ಬುಡಕಟ್ಟಿನವರು ಅವರನ್ನು ಸಂಹರಿಸಿದರೆಂದೂ ಹೇಳುವ ಭಾಗಕ್ಕೆ ಸಮಕಾಲೀನ ದಾಖಲೆಯ ಆಧಾರವಿಲ್ಲ. ಕಥೆಗೆ ವಯಸ್ಸಾದಷ್ಟೂ ಅದರೊಳಗಿನ ಘಟನೆಗಳು ಹಿಂದುಹಿಂದಿನ ಕಾಲಕ್ಕೆ ಸರಿಯುತ್ತವೆ. ಇದು ಸ್ಥಳಪುರಾಣಗಳನ್ನು ಓದಿದವರಿಗೆ ಹೊಸ ಸಂಗತಿಯೇನಲ್ಲ. 1931ರ ಜೂನ್ ತಿಂಗಳ ಉರಿಯಲ್ಲಿ ನಕ್ಷೆ ಹಿಡಿದು ಹೋದ ವಾಷಿಂಗ್ಟನ್ನಿನ ವೃದ್ಧ ಅಡಾಲ್ಫ್ ರೂತ್ ಹಿಂದಿರುಗಲಿಲ್ಲ; ಡಿಸೆಂಬರಿನಲ್ಲಿ ಅವನ ತೂತುಬಿದ್ದ ತಲೆಬುರುಡೆ ಸಿಕ್ಕಿತು. ಗುಂಡೇಟೋ ನೀರಡಿಕೆಯೋ ಎಂಬ ವಾದ ತೀರ್ಮಾನವಾಗದಿದ್ದುದೇ ದಂತಕಥೆಗೆ ಉಪೋದ್ಬಲಕವಾಯಿತು. 1945ರ ಬ್ಯಾರಿ ಸ್ಟಾರ್ಮನ ಪುಸ್ತಕ, ಅದನ್ನು ಆಧರಿಸಿದ 1949ರ ಚಲನಚಿತ್ರ ಇವುಗಳಿಂದ ಮನೆಮನೆಗೂ ಅದು ಮುಟ್ಟಿತು.

ಇನ್ನು ಭೂವಿಜ್ಞಾನದ ಸಾಕ್ಷ್ಯ. ನಮ್ಮ ಕೋಲಾರ, ಹಟ್ಟಿಗಳಲ್ಲಿ ಹೊನ್ನು ದೊರೆತುದು ಅತಿಪ್ರಾಚೀನ ಪದರಶಿಲೆಗಳ ನಡುವಣ ಬೆಣಚುಕಲ್ಲಿನ ಸಿರೆಗಳಲ್ಲಿ. ಸೂಪರ್‌ಸ್ಟಿಷನ್ ಪರ್ವತವಾದರೋ ಸುಮಾರು 2 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಕಾರಿದ ಬೂದಿ, ಲಾವಾಗಳ ರಾಶಿ, ಸುವರ್ಣಕ್ಕೆ ತಕ್ಕ ನೆಲೆಯಲ್ಲ. ಆದರೂ ಪರ್ವತದ ಪಶ್ಚಿಮ ಬುಡದ ಗೋಲ್ಡ್‌ಫೀಲ್ಡ್‌ನಲ್ಲಿ 1892ರಲ್ಲಿ ನಿಜವಾಗಿಯೇ ಹೊನ್ನು ಕಂಡು ಮ್ಯಾಮತ್ ಗಣಿಯ ಸುತ್ತ ಊರೊಂದು ಎದ್ದು, ಕೆಲವೇ ವರ್ಷಗಳಲ್ಲಿ ಅದಿರಿನ ಜಾಡು ತಪ್ಪಿ ಪಾಳುಬಿದ್ದುದನ್ನು ನೆನೆದರೆ, ವೃದ್ಧನ ಪೆಟ್ಟಿಗೆಯ ಅದಿರು ಪೂರಾ ಕಟ್ಟುಕಥೆಯೆಂದು ತಳ್ಳಿಹಾಕಲು ಮನಸ್ಸು ಹಿಂಜರಿಯುತ್ತದೆ.

ಇಲ್ಲಿಯೇ ಐತಿಹ್ಯದ ಚಾತುರ್ಯ. ಈ ಶಿಲೆಯಲ್ಲಿ ಹೊನ್ನು ಹುಟ್ಟದೆಂದು ಭೂವಿಜ್ಞಾನಿ ಹೇಳಿದೊಡನೆ, ಅದು ಗಣಿಯಲ್ಲ, ಪೆರಾಲ್ಟಾಗಳು ಬಚ್ಚಿಟ್ಟ ನಿಕ್ಷೇಪವೆಂಬ ಉತ್ತರ ಬರುತ್ತದೆ. ಪೆರಾಲ್ಟಾಗಳಿಗೆ ದಾಖಲೆಯೆಲ್ಲಿ ಎಂದು ಇತಿಹಾಸಕಾರ ಕೇಳಿದೊಡನೆ, ಅದು ನಿಕ್ಷೇಪವಲ್ಲ, ವಾಲ್ಟ್ಸ್ ತಾನೇ ಕಂಡ ಗಣಿಯೆಂದಾಗುತ್ತದೆ. ಅಮೆರಿಕದ ಸರಕಾರ ಮಾತ್ರ ನಮ್ಮ ಶಾಸನಕಾರರಂತೆ ಎರಡನ್ನೂ ಬೇರೆಬೇರೆಯಾಗಿಯೇ ಹಿಡಿದಿದೆ: 1984ರಿಂದ ಈ ಪರ್ವತವಿರುವ ಸಂರಕ್ಷಿತ ಅರಣ್ಯದಲ್ಲಿ ಹೊಸ ಗಣಿಗಾರಿಕೆಗೆ ಆಸ್ಪದವಿಲ್ಲ; ನಿಧಿಯನ್ನು ಅಗೆಯಬೇಕೆನ್ನುವವನು ಅರಣ್ಯ ಇಲಾಖೆಯಿಂದ ಪ್ರತ್ಯೇಕ ಅನುಮತಿ ಪಡೆಯಬೇಕು.